ಶ್ರೋತ್ರ ಸೋತರೂ ಶ್ರುತ ಸೋಲದು

ಮಳೆಗಾಲದ ಸಂಜೆ. ಕಾವೇರಿಯ ದಂಡೆಯ ಕುಶಾಲನಗರದಲ್ಲಿ ಶೀಟಿನ ಮಾಡಿನ ಮೇಲೆ ಮಳೆ ಬಡಿಯತೊಡಗಿದರೆ ಎದುರುಬದುರು ಕುಳಿತವರಿಗೂ ಮಾತು ಕೇಳಿಸುವುದು ಕಷ್ಟ. ಮಳೆ ನಿಂತೊಡನೆ ಮನೆಗೆ ಮಾತು ಮರಳುತ್ತದೆ. ಆದರೆ ಮೂಲೆಯ ಕುರ್ಚಿಯಲ್ಲಿ ಕುಳಿತ ಹಿರಿಯರಿಗೆ ಅದು ಮರಳುವುದಿಲ್ಲ. ಅವರ ಕಿವಿಯೊಳಗೆ ಆ ಮಳೆ ನಿಲ್ಲುವುದೇ ಇಲ್ಲ. ಮೊಮ್ಮಗಳು ಒಂದು ಕೇಳಿದರೆ ಅವರು ಇನ್ನೊಂದಕ್ಕೆ ಉತ್ತರಿಸುತ್ತಾರೆ. ಮನೆಯವರು ನಗುತ್ತಾರೆ. ಆ ನಗುವಿನಲ್ಲಿ ಕೇಡಿಲ್ಲ, ನಿಜ. ಆದರೆ ಯಾಕೆ ನಕ್ಕರೆಂದು ತಿಳಿಯದವರಿಗೆ ಅದು ಮುಳ್ಳಾಗಿ ಚುಚ್ಚುತ್ತದೆ. ಮೊದಲು ಮದುವೆ ಮನೆಗಳಿಗೆ ಹೋಗುವುದು ತಪ್ಪುತ್ತದೆ, ಆಮೇಲೆ ನೆರೆಮನೆಯ ಹರಟೆ, ಕೊನೆಗೆ ಧರ್ಮಪ್ರವಚನ. ‘ಕೇಳಿಸದ ಮೇಲೆ ಅಲ್ಲಿ ಹೋಗಿ ಕೂತು ಏನು ಮಾಡಲಿ?’ ಎಂಬ ಅವರ ಪ್ರಶ್ನೆಗೆ ಉತ್ತರ ಹೇಳುವವರಿಲ್ಲ. ಹೇಳಿದರೂ ಅವರಿಗೆ ಅದು ಕೇಳಿಸುವುದಿಲ್ಲ.

ಇಂಥ ದೃಶ್ಯ ಒಂದು ಊರಿನದಲ್ಲ, ಒಂದು ಮನೆಯದೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಚಿಕಿತ್ಸೆ ಅಥವಾ ಪುನರ್ವಸತಿ ಬೇಕಾಗುವಷ್ಟು ಶ್ರವಣದೋಷ ಇರುವವರು ಜಗತ್ತಿನಲ್ಲಿ 43 ಕೋಟಿಗೂ ಹೆಚ್ಚು. ಆದರೆ ಜೈನ ಮನೆಯಲ್ಲಿ ಈ ಕೊರತೆಗೆ ಇನ್ನೊಂದು ನೋವು ಸೇರಿಕೊಳ್ಳುತ್ತದೆ. ಜೈನ ಗೃಹಸ್ಥನಿಗೆ ಪರಂಪರೆ ಇಟ್ಟ ಹೆಸರು ಶ್ರಾವಕ, ಗೃಹಿಣಿಗೆ ಶ್ರಾವಿಕೆ. ಹಾಗೆಂದರೆ ಕೇಳುವವರು, ಗುರುಮುಖದಿಂದ ಧರ್ಮವನ್ನು ಕಿವಿಯಾರೆ ಆಲಿಸುವವರು. ಆ ಕಿವಿಯೇ ಹೋದ ಮೇಲೆ ಶ್ರಾವಕತ್ವ ಉಳಿಯುತ್ತದೆಯೇ? ಈ ಸಂದೇಹವನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಒಳಗೇ ಕೊರಗುವವರು ಹೆಚ್ಚು. ಇದಕ್ಕೆ ಶಾಸ್ತ್ರದಲ್ಲಿಯೇ ಉತ್ತರವಿದೆ.

ಉತ್ತರಾಧ್ಯಯನ ಸೂತ್ರದ ಹತ್ತನೆಯ ಅಧ್ಯಯನದಲ್ಲಿ ಭಗವಾನ್ ಮಹಾವೀರರು ತಮ್ಮ ಪ್ರಿಯಶಿಷ್ಯ ಗೌತಮರಿಗೆ ಮುಪ್ಪಿನ ಚಿತ್ರವನ್ನು ಬಿಡಿಸುತ್ತಾರೆ. ದೇಹ ಜೀರ್ಣವಾಗುತ್ತಿದೆ, ಕೂದಲು ನರೆಯುತ್ತಿದೆ, ಇಂದ್ರಿಯಗಳ ಬಲ ಒಂದೊಂದಾಗಿ ಕುಂದುತ್ತಿದೆ ಎಂದು ಎಣಿಸುವಾಗ ಅಲ್ಲಿ ಮೊದಲು ಬರುವುದು ಕಿವಿಯ ಬಲ. ಕಣ್ಣು, ಮೂಗು, ನಾಲಿಗೆ, ಚರ್ಮ ಆಮೇಲೆ. ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸುವಾಗ ಕಿವಿಗೆ ಕೊನೆಯ ಸ್ಥಾನ: ಇರುವೆಗೆ ಮೂರು ಇಂದ್ರಿಯ, ದುಂಬಿಗೆ ನಾಲ್ಕು; ಐದನೆಯದಾದ ಶ್ರೋತ್ರ ಸೇರಿದಾಗಲೇ ಜೀವಿ ಪಂಚೇಂದ್ರಿಯ. ಏಣಿಯ ಕೊನೆಯ ಮೆಟ್ಟಿಲಲ್ಲಿ ದೊರೆತದ್ದು ಇಳಿಜಾರಿನಲ್ಲಿ ಮೊದಲು ಕೈಬಿಡುತ್ತದೆ ಎಂಬಂತಿದೆ ಈ ಎಣಿಕೆ. ಆದರೆ ಮಹಾವೀರರ ಮಾತಿನ ಗುರಿ ಹೆದರಿಸುವುದಲ್ಲ. ಪ್ರತಿ ಸಲವೂ ಆ ಮಾತು ಮುಗಿಯುವುದು ಒಂದೇ ಎಚ್ಚರಿಕೆಯಲ್ಲಿ: ಕ್ಷಣಕಾಲವೂ ಪ್ರಮಾದ ಬೇಡ. ಕಿವಿ ಕುಂದಿತೆಂದು ಸಾಧನೆಯನ್ನು ನಿಲ್ಲಿಸು ಎಂದು ಅಲ್ಲಿ ಹೇಳಿಲ್ಲ. ಕುಂದುತ್ತಿರುವಾಗಲೂ ಎಚ್ಚರದಿಂದಿರು ಎಂದೇ ಹೇಳಿದೆ.

ಎಚ್ಚರದ ಮೊದಲ ಹೆಜ್ಜೆ ಆಗುತ್ತಿರುವುದನ್ನು ಸರಿಯಾಗಿ ಅರಿಯುವುದು. ಒಳಗಿವಿಯ ಶಂಖದಾಕಾರದ ಭಾಗದಲ್ಲಿ ಹುಟ್ಟುವಾಗ ಸುಮಾರು 15 ಸಾವಿರ ಸೂಕ್ಷ್ಮ ಕೇಶಕೋಶಗಳಿರುತ್ತವೆ. ಶಬ್ದದ ಕಂಪನವನ್ನು ನರಕ್ಕೆ ಮುಟ್ಟಿಸುವ ಕೆಲಸ ಅವುಗಳದು. ಮನುಷ್ಯರಲ್ಲಿ ಅವು ಒಮ್ಮೆ ನಾಶವಾದರೆ ಮತ್ತೆ ಹುಟ್ಟುವುದಿಲ್ಲ. ವಯಸ್ಸು ಅವುಗಳನ್ನು ಸವೆಸುತ್ತದೆ. ಸದ್ದು ಇನ್ನೂ ಬೇಗ ಸವೆಸುತ್ತದೆ. ದಿನಕ್ಕೆ ಎಂಟು ಗಂಟೆಯಂತೆ ವರ್ಷಗಟ್ಟಲೆ 85 ಡೆಸಿಬಲ್‌ಗಿಂತ ಜೋರಾದ ಸದ್ದಿನಲ್ಲಿ ದುಡಿದವರ ಕಿವಿಗೆ ಹಾನಿ ತಪ್ಪಿದ್ದಲ್ಲ. ಕುಶಾಲನಗರದ ಸುತ್ತಲಿನ ಕಾಫಿ ಕ್ಯೂರಿಂಗ್ ಘಟಕಗಳಲ್ಲಿ, ಅಕ್ಕಿ ಗಿರಣಿಯಲ್ಲಿ, ಸಾಮಿಲ್ಲಿನಲ್ಲಿ, ತೋಟದ ಕಳೆ ಕತ್ತರಿಸುವ ಯಂತ್ರದ ಹಿಂದೆ ಆಯುಷ್ಯ ಕಳೆದವರು ಇದನ್ನು ಅನುಭವದಿಂದ ಬಲ್ಲರು. ಕಿವಿಯ ಹತ್ತಿರ ಸಿಡಿಯುವ ಕೋವಿಯ ಒಂದೇ ಗುಂಡಿನ ಸದ್ದು 140 ಡೆಸಿಬಲ್ ದಾಟುವುದರಿಂದ ಒಂದೇ ಗಳಿಗೆಯಲ್ಲಿ ಹಾನಿ ಮಾಡಬಲ್ಲದು.

ಮೊದಲು ಅಳಿಯುವುದು ಎತ್ತರದ ಸ್ವರಗಳನ್ನು ಹಿಡಿಯುವ ಕೋಶಗಳು. ಸ್ವರಾಕ್ಷರಗಳು ಹೇಗೋ ಕೇಳಿಸುತ್ತವೆ. ಸ, ಶ, ಕ, ತ, ಪ ಮೊದಲಾದ ವ್ಯಂಜನಗಳು ಜಾರಿಹೋಗುತ್ತವೆ. ಆಗ ಹಾಲು, ಸಾಲು, ಕಾಲು, ಪಾಲು ಎಲ್ಲವೂ ಒಂದೇ ಆಗುತ್ತವೆ. ‘ಕೇಳಿಸುತ್ತದೆ, ಆದರೆ ತಿಳಿಯುವುದಿಲ್ಲ’ ಎಂದು ಹಿರಿಯರು ಹೇಳುವುದು ನೆಪವಲ್ಲ. ಅದು ಅಕ್ಷರಶಃ ಸತ್ಯ.

ಈ ಸತ್ಯವನ್ನು ಜೈನ ಜ್ಞಾನಮೀಮಾಂಸೆ ಬಹಳ ಹಿಂದೆಯೇ ಬಿಡಿಸಿಟ್ಟಿದೆ. ಇಂದ್ರಿಯಗಳ ಮೂಲಕ ಉಂಟಾಗುವ ಮತಿಜ್ಞಾನಕ್ಕೆ ನಾಲ್ಕು ಹಂತಗಳು: ಅವಗ್ರಹ, ಈಹಾ, ಅವಾಯ, ಧಾರಣಾ. ಏನೋ ಒಂದು ಶಬ್ದವಾಯಿತು ಎಂಬ ಮೊದಲ ಗ್ರಹಿಕೆ ಅವಗ್ರಹ. ಅದೇನಿರಬಹುದು ಎಂಬ ಜಿಜ್ಞಾಸೆ ಈಹಾ. ಇದು ಇಂಥದ್ದೇ ಎಂಬ ನಿಶ್ಚಯ ಅವಾಯ. ನಿಶ್ಚಯಿಸಿದ್ದನ್ನು ಉಳಿಸಿಕೊಳ್ಳುವುದು ಧಾರಣಾ. ಕಿವಿ ಚುರುಕಾಗಿರುವವರಿಗೆ ಈ ನಾಲ್ಕೂ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಬಿಡುತ್ತವೆ. ಕಿವಿ ಮಂದವಾದವರು ಪ್ರತಿಯೊಂದು ಮಾತಿಗೂ ಅವಗ್ರಹಕ್ಕೂ ಅವಾಯಕ್ಕೂ ನಡುವೆ ಸಿಕ್ಕಿಕೊಳ್ಳುತ್ತಾರೆ. ಅವರ ದಿನವಿಡೀ ಈಹಾದಲ್ಲಿಯೇ ಕಳೆಯುತ್ತದೆ: ಅವನು ಹೇಳಿದ್ದು ಹಾಲೋ, ಸಾಲೋ? ಸಂಜೆಯ ಹೊತ್ತಿಗೆ ಅವರು ದಣಿದು ಸಿಡುಕುವುದಕ್ಕೆ ಕಾರಣ ಮುಂಗೋಪವಲ್ಲ, ಇಡೀ ದಿನದ ಈ ದುಡಿಮೆ. ಇದನ್ನು ಅರಿತ ಮನೆಯಲ್ಲಿ ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಇನ್ನು ಶ್ರಾವಕತ್ವದ ಪ್ರಶ್ನೆ. ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ಆಚಾರ್ಯ ಉಮಾಸ್ವಾಮಿಗಳು ಐದು ಇಂದ್ರಿಯಗಳ ವಿಷಯಗಳನ್ನು ಹೇಳುತ್ತಾರೆ. ಅಲ್ಲಿ ಶ್ರೋತ್ರದ ಪಾಲಿಗೆ ಬಂದದ್ದು ಶಬ್ದ. ಅದರ ಮರುಸೂತ್ರದಲ್ಲಿಯೇ ಶ್ರುತವನ್ನು ಅವರು ಮನಸ್ಸಿನ ವಿಷಯವೆಂದು ಬೇರೆಯಾಗಿ ಇಡುತ್ತಾರೆ. ಈ ಎರಡು ಸೂತ್ರಗಳ ನಡುವಿನ ಅಂತರ ಚಿಕ್ಕದು, ಅದರಲ್ಲಿರುವ ಸಾಂತ್ವನ ದೊಡ್ಡದು. ಶಬ್ದ ಕಿವಿಯದು, ಶಬ್ದದಿಂದ ಮೂಡುವ ಅರಿವು ಕಿವಿಯದಲ್ಲ. ಶ್ರಾವಕನು ಶ್ರಾವಕನಾಗುವುದು ಶ್ರುತದಿಂದಲೇ ಹೊರತು ಶಬ್ದದಿಂದಲ್ಲ. ನಂದಿಸೂತ್ರವು ಅಕ್ಷರಶ್ರುತವನ್ನು ವಿಂಗಡಿಸುವಾಗ ಉಚ್ಚರಿಸಿದ ಅಕ್ಷರಕ್ಕೆ ಕೊಟ್ಟಂತೆಯೇ ಬರೆದ ಅಕ್ಷರದ ಆಕಾರಕ್ಕೂ ಸ್ಥಾನ ಕೊಡುತ್ತದೆ. ಕಣ್ಣಿನಿಂದ ಓದಿ ತಿಳಿದದ್ದೂ ಶ್ರುತವೇ.

ದಿಗಂಬರ ಪರಂಪರೆಯ ಒಂದು ಪ್ರಸಂಗ ಇದನ್ನೇ ಇನ್ನೊಂದು ಬಗೆಯಲ್ಲಿ ತಿಳಿಸುತ್ತದೆ. ಮಹಾವೀರರಿಗೆ ಕೇವಲಜ್ಞಾನವಾದ ಮೇಲೆ 66 ದಿನಗಳವರೆಗೆ ದಿವ್ಯಧ್ವನಿ ಹೊರಡಲಿಲ್ಲ. ಸಮವಸರಣದಲ್ಲಿ ದೇವತೆಗಳಿದ್ದರು, ಮನುಷ್ಯರಿದ್ದರು, ಪಶುಪಕ್ಷಿಗಳಿದ್ದವು. ಇಂದ್ರಭೂತಿ ಗೌತಮರು ಬಂದು ಶಿಷ್ಯತ್ವ ವಹಿಸಿದ ಮೇಲೆ ರಾಜಗೃಹದ ವಿಪುಲಾಚಲದಲ್ಲಿ ಮೊದಲ ಉಪದೇಶವಾಯಿತು. ಆ 66 ದಿನ ಅಲ್ಲಿ ಕಿವಿಗಳಿಗೆ ಕೊರತೆ ಇರಲಿಲ್ಲ. ಗ್ರಹಿಸಿ, ಧಾರಣ ಮಾಡಿ, ಲೋಕಕ್ಕೆ ತಲುಪಿಸಬಲ್ಲ ಚೇತನಕ್ಕಾಗಿ ಕಾಯಬೇಕಾಯಿತು.

ಮುಂದೆ ಇಡೀ ಧರ್ಮಕ್ಕೇ ಕಿವಿ ಸೋಲುವ ಕಾಲವೊಂದು ಬಂತು. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ ಹರಿದು ಬಂದ ಆಗಮಜ್ಞಾನ ತಲೆಮಾರಿನಿಂದ ತಲೆಮಾರಿಗೆ ಕ್ಷೀಣಿಸತೊಡಗಿತು. ಗಿರಿನಾರದ ಚಂದ್ರಗುಹೆಯಲ್ಲಿದ್ದ ವೃದ್ಧ ಆಚಾರ್ಯ ಧರಸೇನರು ಇದನ್ನು ಕಂಡು, ದಕ್ಷಿಣದಿಂದ ಬಂದ ಪುಷ್ಪದಂತ ಮತ್ತು ಭೂತಬಲಿ ಎಂಬ ಇಬ್ಬರು ಮುನಿಗಳಿಗೆ ತಮ್ಮಲ್ಲಿ ಉಳಿದಿದ್ದನ್ನು ಧಾರೆಯೆರೆದರು. ಪುಷ್ಪದಂತರು ವನವಾಸ ದೇಶಕ್ಕೆ, ಎಂದರೆ ಇಂದಿನ ಬನವಾಸಿಯ ಸೀಮೆಗೆ ಬಂದು ಮೊದಲ ಸೂತ್ರಗಳನ್ನು ರಚಿಸಿದರು, ಭೂತಬಲಿಗಳು ಮುಂದುವರಿಸಿದರು. ಹೀಗೆ ಲಿಪಿಗೆ ಇಳಿದದ್ದು ಷಟ್‌ಖಂಡಾಗಮ. ಅದು ಪೂರ್ಣಗೊಂಡ ಜ್ಯೇಷ್ಠ ಶುಕ್ಲ ಪಂಚಮಿಯನ್ನು ಇಂದಿಗೂ ಶ್ರುತಪಂಚಮಿಯೆಂದು ಆಚರಿಸುತ್ತಾರೆ. ಅದರ ಮಹಾವ್ಯಾಖ್ಯಾನವಾದ ಧವಲಾ ಟೀಕೆ ಮೂಡುಬಿದಿರೆಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದು ಬಂತು. ಕೇಳಿ ಉಳಿಸಿಕೊಳ್ಳಲು ಆಗದು ಎಂದಾದಾಗ ಆಚಾರ್ಯರು ಅಳುತ್ತ ಕೂರಲಿಲ್ಲ, ಬರೆದರು. ಕಿವಿಯ ದಾರಿ ಮುಚ್ಚುವ ಹೊತ್ತಿಗೆ ಕಣ್ಣಿನ ದಾರಿಯನ್ನು ತೆರೆದರು.

ಕೊಡಗಿನ ಮಣ್ಣಿನಲ್ಲಿಯೂ ಇದಕ್ಕೆ ಸಾಕ್ಷಿಯಿದೆ. ಶನಿವಾರಸಂತೆಯ ಬಳಿಯ ಮುಳ್ಳೂರಿನಲ್ಲಿ 11ನೇ ಶತಮಾನದ ಕೊಂಗಾಳ್ವ ಅರಸರ ಕಾಲದ ಬಸದಿಗಳಿವೆ. ಅಂದು ಅಲ್ಲಿ ಮೊಳಗಿದ ಪ್ರವಚನದ ದನಿ ಇಂದು ಯಾರ ಕಿವಿಗೂ ಬೀಳುವುದಿಲ್ಲ. ಆದರೆ ಗುಣಸೇನ ಪಂಡಿತರ ಹೆಸರನ್ನು ಅಲ್ಲಿಯ ಶಾಸನಗಳು ಇನ್ನೂ ಹೇಳುತ್ತಿವೆ. ಆ ಕಲ್ಲಿನ ಮುಂದೆ ಚುರುಕು ಕಿವಿಯವನೂ ಮಂದ ಕಿವಿಯವನೂ ಸಮಾನರು.

ತತ್ತ್ವದ ಈ ಉತ್ತರ ಸಮಾಧಾನ ತರಬಹುದು. ಆದರೂ ನೋವು ಒಂದೇ ಸಲಕ್ಕೆ ಇಳಿಯುವುದಿಲ್ಲ. ಆರ್ತಧ್ಯಾನವನ್ನು ಶಾಸ್ತ್ರ ನಾಲ್ಕು ಬಗೆಯಾಗಿ ಹೇಳುತ್ತದೆ. ಪ್ರಿಯವಾದದ್ದು ದೂರವಾದಾಗಿನ ಕೊರಗು ಇಷ್ಟವಿಯೋಗಜ: ಮೊಮ್ಮಕ್ಕಳ ತೊದಲು, ಬೆಳಗಿನ ಸ್ತೋತ್ರ, ಹಕ್ಕಿಯ ದನಿ ಇನ್ನಿಲ್ಲವೆಂಬ ಸಂಕಟ. ಅಪ್ರಿಯವಾದದ್ದು ಅಂಟಿಕೊಂಡಾಗಿನ ತಳಮಳ ಅನಿಷ್ಟಸಂಯೋಗಜ: ಕಿವಿ ಮಂದವಾದ ಅನೇಕರಿಗೆ ಒಳಗೇ ಕೇಳಿಸುವ ಜೀರುಂಡೆಯ ಗುಂಯ್‌ಗುಟ್ಟುವಿಕೆ, ರಾತ್ರಿ ಊರು ಮಲಗಿದ ಮೇಲೆ ಇನ್ನೂ ಜೋರಾಗುವ ಆ ಸದ್ದು. ದೇಹದ ಬಾಧೆಯನ್ನೇ ನೆನೆಯುತ್ತಿರುವುದು ವೇದನಾಜನ್ಯ. ಮುಂದೆ ಹೀಗಾಗಲಿ, ಹಾಗಾಗಲಿ ಎಂದು ಹಂಬಲಿಸುತ್ತಲೇ ಇರುವುದು ನಿದಾನ. ಈ ನಾಲ್ಕನ್ನೂ ಹೆಸರಿಟ್ಟು ಕರೆದಿರುವುದರಲ್ಲಿಯೇ ಒಂದು ಉಪಕಾರವಿದೆ. ದುಃಖಪಡುವುದು ನಾಚಿಕೆಗೇಡು ಎಂದು ಶಾಸ್ತ್ರ ಹೇಳುವುದಿಲ್ಲ. ದುಃಖವನ್ನು ಗುರುತಿಸು, ಅದರಲ್ಲಿಯೇ ನೆಲೆ ನಿಲ್ಲಬೇಡ ಎನ್ನುತ್ತದೆ. ಗುರುತಿಸಿದ ದುಃಖವನ್ನು ಆಪ್ತರೊಬ್ಬರ ಮುಂದೆ ಹೇಳಿಕೊಳ್ಳುವುದು ಧರ್ಮಧ್ಯಾನಕ್ಕೆ ಅಡ್ಡಿಯಲ್ಲ, ಅದರ ಕಡೆಗಿನ ಮೆಟ್ಟಿಲು.

ದುಃಖದ ಬೆನ್ನಿಗೆ ಕಷಾಯಗಳು ಬರುತ್ತವೆ. ಮೆಲ್ಲಗೆ ಮಾತನಾಡುವವರೆಲ್ಲ ತನ್ನ ವಿಷಯವನ್ನೇ ಆಡಿಕೊಳ್ಳುತ್ತಿದ್ದಾರೆಂದು ಭಾವಿಸಿ ಕೆರಳುವುದು ಕ್ರೋಧ. ‘ನನಗೇನಾಗಿದೆ? ನೀವೇ ಗೊಣಗುತ್ತೀರಿ’ ಎಂದು ಪರೀಕ್ಷೆಗೆ ಒಪ್ಪದಿರುವುದು ಮಾನ. ಕೇಳಿಸದಿದ್ದರೂ ಕೇಳಿಸಿದಂತೆ ತಲೆಯಾಡಿಸಿ ‘ಹೂಂ’ ಎನ್ನುವುದು ಮಾಯೆ. ಈ ಕೊನೆಯದು ಎಷ್ಟು ನಿರುಪದ್ರವಿಯಾಗಿ ಕಾಣುತ್ತದೆಯೋ ಅಷ್ಟೇ ಅಪಾಯಕಾರಿ. ವೈದ್ಯರು ಹೇಳಿದ ಮಾತ್ರೆಯ ಲೆಕ್ಕಕ್ಕೆ, ಬ್ಯಾಂಕಿನ ಕಾಗದದ ಷರತ್ತಿಗೆ, ಮಗನ ಕಷ್ಟದ ಮಾತಿಗೆ ಅರ್ಥವಾಗದೆ ಹೂಂಗುಟ್ಟಿದರೆ ಅದರ ಫಲವನ್ನು ಇಡೀ ಮನೆ ಉಣ್ಣಬೇಕಾಗುತ್ತದೆ. ‘ನನಗೆ ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಎದುರಿಗೆ ಬಂದು ಹೇಳಿ’ ಎನ್ನುವುದು ದೀನತೆಯಲ್ಲ. ಅದು ಉತ್ತಮ ಆರ್ಜವ. ದಶಲಕ್ಷಣ ಧರ್ಮಗಳಲ್ಲಿ ಒಂದಾದ ಋಜುತ್ವವನ್ನು ನಿತ್ಯ ಬದುಕಿನಲ್ಲಿ ಪಾಲಿಸುವ ಪರಿ.

ಶ್ರವಣ ಸಾಧನ ಧರಿಸಲು ಹಿಂಜರಿಯುವವರು ಇನ್ನೊಂದು ಶಾಸ್ತ್ರವಿಚಾರವನ್ನು ಗಮನಿಸಬಹುದು. ಜೈನ ದರ್ಶನ ಇಂದ್ರಿಯವನ್ನು ದ್ರವ್ಯೇಂದ್ರಿಯ, ಭಾವೇಂದ್ರಿಯ ಎಂದು ಎರಡಾಗಿ ನೋಡುತ್ತದೆ. ಭೌತಿಕವಾದ ದ್ರವ್ಯೇಂದ್ರಿಯದಲ್ಲಿ ರಚನೆ ಒಂದು, ಅದಕ್ಕೆ ನೆರವಾಗುವ ಉಪಕರಣ ಇನ್ನೊಂದು. ಭಾವೇಂದ್ರಿಯದಲ್ಲಿ ಅರಿಯುವ ಶಕ್ತಿಯಾದ ಲಬ್ಧಿ ಒಂದು, ಆ ಶಕ್ತಿಯನ್ನು ವಿಷಯದ ಕಡೆ ತಿರುಗಿಸುವ ಉಪಯೋಗ ಇನ್ನೊಂದು. ಈ ಉಪಯೋಗವೇ, ಎಂದರೆ ಅರಿವಿನ ವ್ಯಾಪಾರವೇ ಜೀವದ ಲಕ್ಷಣ. ಸವೆದದ್ದು ದ್ರವ್ಯದ ಭಾಗ. ಜೀವದ ಲಕ್ಷಣ ಸವೆದಿಲ್ಲ. ದೇಹದ ಉಪಕರಣ ಸೋತಾಗ ಹೊರಗಿನ ಉಪಕರಣವೊಂದರ ನೆರವು ಪಡೆಯುವುದರಲ್ಲಿ ಸಂಕೋಚವೇಕೆ? ಕನ್ನಡಕ ಹಾಕಿಕೊಂಡು ಸ್ವಾಧ್ಯಾಯ ಮಾಡುವುದಕ್ಕೆ ಯಾರೂ ನಾಚುವುದಿಲ್ಲ.

ಕುಶಾಲನಗರದವರಿಗೆ ಈ ನೆರವು ದೂರವೂ ಅಲ್ಲ. ಸುಮಾರು 85 ಕಿಲೋಮೀಟರ್ ಅಂತರದ ಮೈಸೂರಿನ ಮಾನಸಗಂಗೋತ್ರಿಯಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ಶ್ರವಣ ಪರೀಕ್ಷೆಯಿಂದ ಹಿಡಿದು ಸಾಧನದ ಹೊಂದಾಣಿಕೆಯವರೆಗೆ ದೇಶವೇ ನೋಡಿ ಕಲಿತ ಸಂಸ್ಥೆ ಅದು. ಕೆಲವೊಮ್ಮೆ ಕಾರಣ ಗಟ್ಟಿಯಾದ ಗುಗ್ಗೆಯೋ, ಮಧ್ಯಕಿವಿಯ ಸೋಂಕೋ ಆಗಿದ್ದು ಸುಲಭವಾಗಿ ಗುಣವಾಗುವುದುಂಟು. ಪರೀಕ್ಷಿಸದೆ ಅದು ತಿಳಿಯದು. ಒಂದೆರಡು ದಿನಗಳಲ್ಲಿಯೇ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ತುರ್ತು ಚಿಕಿತ್ಸೆಯ ವಿಷಯ. ತಡಮಾಡಿದಷ್ಟೂ ಗುಣವಾಗುವ ಅವಕಾಶ ಕಡಿಮೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಎರಡೂ ಕಿವಿಗಳಲ್ಲಿ 60ರಿಂದ 70 ಡೆಸಿಬಲ್ ಶ್ರವಣನಷ್ಟವಿರುವವರನ್ನೂ, ಅದಕ್ಕಿಂತ ಹೆಚ್ಚು ನಷ್ಟವಿರುವವರನ್ನೂ ಗುರುತಿಸಿ ಹಕ್ಕು ನೀಡಿದೆ. ಕಡಿಮೆ ಆದಾಯದವರಿಗೆ ಸಾಧನ ಒದಗಿಸುವ ಸರ್ಕಾರಿ ಯೋಜನೆಗಳೂ ಇವೆ.

ಆದರೆ ಸಾಧನ ತೊಟ್ಟ ದಿನವೇ ಯೌವನದ ಕಿವಿ ಮರಳುವುದಿಲ್ಲ. ಪಾತ್ರೆಯ ಸದ್ದು, ಫ್ಯಾನಿನ ಸದ್ದು, ತನ್ನದೇ ಹೆಜ್ಜೆಯ ಸದ್ದು ಎಲ್ಲವೂ ಒಮ್ಮೆಗೇ ನುಗ್ಗಿ ಗಲಿಬಿಲಿಯಾಗುತ್ತದೆ. ಮಿದುಳು ಅದಕ್ಕೆ ಹೊಂದಿಕೊಳ್ಳಲು ವಾರಗಳು, ಕೆಲವರಿಗೆ ತಿಂಗಳುಗಳೇ ಬೇಕು. ಮೂರನೆಯ ದಿನವೇ ಬೇಸತ್ತು ಡಬ್ಬಿಯಲ್ಲಿಟ್ಟು ಮುಚ್ಚಿದವರು ಎಷ್ಟೋ ಮಂದಿ. ಮೊದಲ ದಿನ ಅರ್ಧ ಗಂಟೆ, ಮಾರನೆಯ ದಿನ ಇನ್ನಷ್ಟು ಎಂದು ವ್ರತದಂತೆ ಅಭ್ಯಾಸ ಮಾಡಿದವರು ದಡ ಸೇರುತ್ತಾರೆ. ಇದು ಮನಶ್ಶಾಂತಿಗಷ್ಟೇ ಸಂಬಂಧಿಸಿದ್ದಲ್ಲ. ಮರೆವಿನ ಕಾಯಿಲೆಯ ಅಪಾಯವನ್ನು ಹೆಚ್ಚಿಸುವ, ಆದರೆ ಸರಿಪಡಿಸಬಹುದಾದ ಕಾರಣಗಳ ಪಟ್ಟಿಯಲ್ಲಿ ‘ಲ್ಯಾನ್ಸೆಟ್’ ಆಯೋಗವು 2017ರಿಂದಲೂ ಶ್ರವಣನಷ್ಟವನ್ನು ಸೇರಿಸಿದೆ. ಕೇಳುವುದನ್ನು ಬಿಟ್ಟ ಮನಸ್ಸು ಕೂಡುವುದನ್ನೂ ಬಿಡುತ್ತದೆ. ಕೂಡುವುದನ್ನು ಬಿಟ್ಟ ಮನಸ್ಸು ಬಾಡುತ್ತದೆ.

ಇಲ್ಲಿ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ‘ಎಲ್ಲ ಪೂರ್ವಕರ್ಮ, ಅನುಭವಿಸಬೇಕು’ ಎಂದು ಕಿವಿ ಮಂದವಾದವರ ಮುಖದೆದುರು ಹೇಳುವವರಿದ್ದಾರೆ. ಕರ್ಮಸಿದ್ಧಾಂತ ತನ್ನನ್ನು ತಾನು ತಿದ್ದಿಕೊಳ್ಳಲು ಹಿಡಿಯುವ ಕನ್ನಡಿ. ಇನ್ನೊಬ್ಬರ ಕಡೆ ಎಸೆಯುವ ಕಲ್ಲಲ್ಲ. ತನಗಾಗಲಿ ಪರರಿಗಾಗಲಿ ದುಃಖ, ಶೋಕ, ತಾಪಗಳನ್ನು ಉಂಟುಮಾಡುವುದೇ ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಸ್ಪಷ್ಟವಾಗಿ ಹೇಳುತ್ತದೆ. ಹೀಗಿರುವಾಗ ನೊಂದವರನ್ನು ಕರ್ಮದ ಹೆಸರಿನಲ್ಲಿ ಇನ್ನಷ್ಟು ನೋಯಿಸುವವರು ಯಾರ ಕರ್ಮವನ್ನು ಬೆಳೆಸುತ್ತಿದ್ದಾರೆ? ‘ಕಿವುಡ’ ಎಂಬುದನ್ನು ಬೈಗುಳವಾಗಿ ಬಳಸುವ ನಾಲಿಗೆಗೂ ಇದೇ ಮಾತು ಸಲ್ಲುತ್ತದೆ.

ಜೀವಿಗಳು ಒಂದಕ್ಕೊಂದು ಉಪಕಾರ ಮಾಡುತ್ತ ಬಾಳುತ್ತವೆ ಎಂಬುದು ಅದೇ ಗ್ರಂಥದ ಐದನೆಯ ಅಧ್ಯಾಯದ ಬೋಧೆ. ಈ ಉಪಕಾರ ಮನೆಯಲ್ಲಿ ಶುರುವಾಗಬೇಕು. ಹಿತವಾಗಿ, ಮಿತವಾಗಿ, ಪ್ರಿಯವಾಗಿ ಮಾತನಾಡುವ ಭಾಷಾಸಮಿತಿ ಮುನಿಗಳ ನಿಯಮವಾದರೂ ಕಿವಿ ಮಂದವಾದವರಿರುವ ಮನೆಯಲ್ಲಿ ಗೃಹಸ್ಥರಿಗೂ ದಾರಿದೀಪ. ಕೂಗಾಡುವುದರಿಂದ ಪ್ರಯೋಜನವಿಲ್ಲ, ಹಾನಿಗೊಂಡ ಕಿವಿಗೆ ಮೆಲುದನಿ ಕೇಳಿಸುವುದಿಲ್ಲ, ಜೋರುದನಿ ನೋವು ಮಾಡುತ್ತದೆ. ಜೊತೆಗೆ ಕೂಗಿದ ಮಾತು ಹೊರಗಿನವರಿಗೆ ಬೈದಂತೆ ಕೇಳಿಸುತ್ತದೆ. ಅಡುಗೆಮನೆಯಿಂದ ಕರೆಯದೆ ಹತ್ತಿರ ಬಂದು, ಬೆಳಕು ಮುಖದ ಮೇಲೆ ಬೀಳುವಂತೆ ಕುಳಿತು, ಮೊದಲು ಹೆಸರು ಹಿಡಿದು ಕರೆದು ಅಥವಾ ಕೈ ಮುಟ್ಟಿ, ನಿಧಾನವಾಗಿ ಮಾತನಾಡಬೇಕು. ಟಿ.ವಿ. ಆರಿಸಬೇಕು. ಪ, ಬ, ಮ ಅಕ್ಷರಗಳಿಗೆ ತುಟಿಯ ಚಲನೆ ಒಂದೇ ಆಗಿರುವುದರಿಂದ ಒಂದು ಪದ ತಿಳಿಯದಿದ್ದರೆ ಅದನ್ನೇ ಹತ್ತು ಸಲ ಹೇಳುವ ಬದಲು ಬೇರೆ ಪದದಲ್ಲಿ ಹೇಳಬೇಕು. ಆಗಲೂ ತಿಳಿಯದಿದ್ದರೆ ಚೀಟಿಯಲ್ಲಿ ಬರೆದು ತೋರಿಸಬೇಕು. ಧರಸೇನಾಚಾರ್ಯರು ತೋರಿದ ದಾರಿ ಇದೇ ಅಲ್ಲವೇ? ಎಲ್ಲಕ್ಕಿಂತ ಮುಖ್ಯವಾದದ್ದು, ‘ಏನೂ ಇಲ್ಲ ಬಿಡಿ, ಆಮೇಲೆ ಹೇಳುತ್ತೇನೆ’ ಎಂಬ ಮಾತನ್ನು ಬಿಡುವುದು. ಆ ಒಂದು ವಾಕ್ಯ ಹಿರಿಯರನ್ನು ಮನೆಯೊಳಗಿದ್ದರೂ ಮನೆಯಿಂದ ಹೊರಗಿಡುತ್ತದೆ.

ಸಂಘದ ಪಾಲೂ ದೊಡ್ಡದು. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಸ್ಥಿತಿಕರಣ ಒಂದು: ಧರ್ಮಮಾರ್ಗದಿಂದ ಜಾರುತ್ತಿರುವವರ ಕೈಹಿಡಿದು ಮತ್ತೆ ನೆಲೆಗೊಳಿಸುವುದು. ಸಮಂತಭದ್ರಾಚಾರ್ಯರು ರತ್ನಕರಂಡಕದಲ್ಲಿ ಇದಕ್ಕೆ ವಾರಿಷೇಣ ಮುನಿಯನ್ನು ಮಾದರಿಯಾಗಿ ಹೆಸರಿಸಿದ್ದಾರೆ. ಪ್ರವಚನಕ್ಕೆ ಬರುತ್ತಿದ್ದ ಹಿರಿಯರೊಬ್ಬರು ಬರುವುದನ್ನು ನಿಲ್ಲಿಸಿದಾಗ ಅವರಿಗೆ ಆಸಕ್ತಿ ಇಳಿಯಿತೆಂದು ತಿಳಿಯದೆ, ಕಿವಿ ಸೋತಿತೇ ಎಂದು ವಿಚಾರಿಸುವುದು ಈ ಕಾಲದ ಸ್ಥಿತಿಕರಣ. ಮುಂದಿನ ಸಾಲಿನಲ್ಲಿ ಜಾಗ, ಪ್ರವಚನದ ಸಾರವನ್ನು ದೊಡ್ಡ ಅಕ್ಷರದಲ್ಲಿ ಬರೆದ ಒಂದು ಹಾಳೆ, ಪಕ್ಕದಲ್ಲಿ ಕುಳಿತು ಪುಟ ತೋರಿಸುವ ಒಬ್ಬ ತರುಣ: ಇಷ್ಟಕ್ಕೆ ಹಣ ಬೇಡ, ವಾತ್ಸಲ್ಯ ಸಾಕು. ಧ್ವನಿವರ್ಧಕದ ಅಬ್ಬರ ಹೆಚ್ಚಿಸಿದರೆ ಮಂದ ಕಿವಿಗೆ ಅರ್ಥ ಹೆಚ್ಚಾಗುವುದಿಲ್ಲ. ಚುರುಕು ಕಿವಿಗೆ ಹಾನಿ ಮಾತ್ರ ಹೆಚ್ಚಾಗುತ್ತದೆ.

ಈ ಹೊಣೆ ಪ್ರಾಣರಕ್ಷೆಯ ಮಟ್ಟಕ್ಕೂ ಮುಟ್ಟುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಾವೇರಿ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನೀರು ನುಗ್ಗಿದ್ದು ಅಲ್ಲಿಯವರಿಗೆ ಮರೆತಿಲ್ಲ. ಅಂಥ ರಾತ್ರಿಯಲ್ಲಿ ಮೈಕಿನ ಎಚ್ಚರಿಕೆ, ನೆರೆಯವರ ಕೂಗು, ಬಾಗಿಲು ಬಡಿಯುವ ಸದ್ದು ಯಾವುದೂ ತಲುಪದ ವ್ಯಕ್ತಿ ಪ್ರತಿ ಬೀದಿಯಲ್ಲಿಯೂ ಒಬ್ಬರಿರುತ್ತಾರೆ. ಮಳೆಗಾಲಕ್ಕೆ ಮೊದಲೇ ಅವರ ಮನೆ ಯಾವುದೆಂದು ಅರಿತಿಟ್ಟುಕೊಂಡು, ಹೋಗಿ ಮೈಮುಟ್ಟಿ ಎಬ್ಬಿಸುವ ಹೊಣೆಯನ್ನು ಒಬ್ಬರು ಹೊತ್ತರೆ ಅದು ಅಭಯದಾನ. ದಾನಗಳಲ್ಲಿ ಅಭಯದಾನದ ಹಿರಿಮೆಯನ್ನು ಜೈನರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ಹುಟ್ಟಿನಿಂದಲೇ ಕೇಳದ ಮಕ್ಕಳ ವಿಷಯ ಬೇರೆ. ಅವರು ಕಳೆದುಕೊಂಡವರಲ್ಲ, ಬೇರೆ ದಾರಿಯಲ್ಲಿ ಬಂದವರು. ಹುಟ್ಟಿದ ಮೊದಲ ತಿಂಗಳಲ್ಲಿಯೇ ಪರೀಕ್ಷೆ ಮಾಡಿಸಿದರೆ ಅವರಿಗೆ ಭಾಷೆಯ ಬಾಗಿಲು ಬೇಗ ತೆರೆಯುತ್ತದೆ. ಸಾಧನದಿಂದಾಗಲಿ, ಸಂಜ್ಞಾಭಾಷೆಯಿಂದಾಗಲಿ, ಎರಡರಿಂದಲೂ ಆಗಲಿ. ಭಾರತೀಯ ಸಂಜ್ಞಾಭಾಷೆಯ ಸಂಶೋಧನೆ ಮತ್ತು ತರಬೇತಿಗಾಗಿ ದೆಹಲಿಯಲ್ಲಿ 2015ರಲ್ಲಿ ರಾಷ್ಟ್ರೀಯ ಕೇಂದ್ರವೇ ಸ್ಥಾಪನೆಯಾಗಿದೆ. ಕೈಯಿಂದ ನಮೋಕಾರ ಹೇಳುವ ಮಗುವಿನ ಪ್ರಾರ್ಥನೆ ಬಾಯಿಂದ ಹೇಳುವ ಮಗುವಿನದಕ್ಕಿಂತ ಒಂದು ಅಕ್ಷರವೂ ಕಡಿಮೆಯಲ್ಲ.

ಕೊನೆಗೆ ಉಳಿಯುವುದು ಒಳಗಿನ ಬದುಕು. ಸ್ವಾಧ್ಯಾಯಕ್ಕೆ ಐದು ರೂಪಗಳಿವೆ: ಓದುವುದು, ಪ್ರಶ್ನಿಸುವುದು, ಚಿಂತಿಸುವುದು, ಪುನರಾವರ್ತಿಸುವುದು, ಇತರರಿಗೆ ಹೇಳುವುದು. ಇವುಗಳಲ್ಲಿ ಕಿವಿ ಇಲ್ಲದೆ ಸಾಗದ್ದು ಯಾವುದು? ಬರೆದು ಪ್ರಶ್ನಿಸಬಹುದು, ಬರೆದ ಉತ್ತರವನ್ನು ಓದಬಹುದು. ಎಷ್ಟೋ ವರ್ಷ ಪ್ರವಚನ ಕೇಳಿ ತುಂಬಿಕೊಂಡದ್ದನ್ನು ಈಗ ಚಿಂತಿಸಬಹುದು, ಮೊಮ್ಮಕ್ಕಳಿಗೆ ಕತೆಯಾಗಿ ಹೇಳಬಹುದು. ಸಾಧಕರು ಮೌನವನ್ನು ಹುಡುಕಿಕೊಂಡು ಗುಹೆಗೆ ಹೋದರು. ಇವರ ಬಳಿಗೆ ಅದು ಕೇಳದೆ ಬಂದಿದೆ. ಕೇಳದೆ ಬಂದದ್ದು ಮೊದಲು ಶಿಕ್ಷೆಯಾಗಿಯೇ ತೋರುತ್ತದೆ. ದಿನಕ್ಕೆ ಒಂದು ಗಳಿಗೆ ಅದನ್ನು ತಾನಾಗಿ ಒಪ್ಪಿ ಸಾಮಾಯಿಕಕ್ಕೆ ಕುಳಿತರೆ ಅದೇ ಮೌನ ವ್ರತವಾಗುತ್ತದೆ. ಆದರೆ ಏಕತ್ವಭಾವನೆಯೇ ಬೇರೆ, ಒಂಟಿತನವೇ ಬೇರೆ. ಮೊದಲನೆಯದನ್ನು ಸಾಧಕ ತಾನೇ ಬೆಳೆಸಿಕೊಳ್ಳುತ್ತಾನೆ; ಎರಡನೆಯದನ್ನು ಸುತ್ತಲಿನವರು ಅವನ ಮೇಲೆ ಹೇರುತ್ತಾರೆ. ಹಿರಿಯರು ಮೌನಕ್ಕೆ ಹೊಂದಿಕೊಂಡಿದ್ದಾರೆ ಎಂಬ ನೆಪದಲ್ಲಿ ಮನೆಯವರು ಮಾತು ನಿಲ್ಲಿಸಿದರೆ ಅದು ಧರ್ಮವಲ್ಲ, ಉಪೇಕ್ಷೆ.

ಶ್ರಾವಕ ಎಂಬ ಪದದ ಮೂರು ಅಕ್ಷರಗಳಿಗೆ ಪರಂಪರೆಯಲ್ಲಿ ಇನ್ನೊಂದು ಅರ್ಥವನ್ನೂ ಹೇಳುತ್ತಾರೆ: ಶ್ರದ್ಧೆ, ವಿವೇಕ, ಕ್ರಿಯೆ. ಶ್ರದ್ಧೆ ನೆಲೆಸುವುದು ಹೃದಯದಲ್ಲಿ, ವಿವೇಕ ಬುದ್ಧಿಯಲ್ಲಿ, ಕ್ರಿಯೆ ಕೈಕಾಲುಗಳಲ್ಲಿ. ಕಿವಿಗೆ ಇಲ್ಲಿ ಪಾಲೇ ಇಲ್ಲ. ಮೂಲೆಯ ಕುರ್ಚಿಯ ಹಿರಿಯರಿಗೆ ಈ ಮಾತು ತಲುಪಬೇಕು. ಕೂಗಿ ಹೇಳುವ ಅಗತ್ಯವಿಲ್ಲ. ಮಳೆ ನಿಂತ ಮೇಲೆ ಮೊಮ್ಮಗಳು ದೀಪ ಹಚ್ಚಿ, ಹತ್ತಿರ ಕುಳಿತು, ಒಂದು ಹಾಳೆಯಲ್ಲಿ ದೊಡ್ಡದಾಗಿ ಬರೆದು ಅವರ ಕೈಗಿಟ್ಟರೆ ಸಾಕು.